ಆಫೀಸ್ ಕೊಟ್ಟ ಆ್ಯಪ್, ಬಾಟ್, ಕೌನ್ಸೆಲರ್, 14416: ಯಾವುದು ಕೆಲಸಕ್ಕೆ ಬಂತು?

ಅಕ್ಟೋಬರ್ 10 ಬಂತೆಂದರೆ ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ಹೆಚ್‌ಆರ್‌ನಿಂದ ಒಂದು ಮೇಲ್ ಬಂದೇ ಬರುತ್ತದೆ. ಒಳಗೆ ಒಂದು ಆ್ಯಪ್‌ನ ಲಿಂಕ್, ಕೆಳಗೆ ಕಮಲದ ಚಿತ್ರ. ಬಹಳ ಜನ ತೆರೆದೂ ನೋಡಲ್ಲ. ನಾನು ತೆರೆದೆ. ಔಟರ್ ರಿಂಗ್ ರೋಡ್‌ನ ಕಂಪನಿಯೊಂದರಲ್ಲಿ ಸಪೋರ್ಟ್ ಕೆಲಸ, ಅಮೆರಿಕದ ಟೈಮಿಗೆ ಶಿಫ್ಟ್, ನಿದ್ದೆ ಕೆಟ್ಟಿತ್ತು, ಸಣ್ಣದಕ್ಕೂ ಮನೆಯವರ ಮೇಲೆ ರೇಗುತ್ತಿದ್ದೆ. ಹಾಗಾಗಿ ಆಫೀಸ್ ಕೊಟ್ಟ ಧ್ಯಾನದ ಆ್ಯಪ್, ಚಾಟ್‌ಬಾಟ್, ಆನ್‌ಲೈನ್ ಕೌನ್ಸೆಲಿಂಗ್ ಮೂರನ್ನೂ, ಜೊತೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ (14416) ಅನ್ನೂ ಬಳಸಿ ನೋಡಿದೆ. ಖಾಸಗಿಯವುಗಳ ಹೆಸರು ಬೇಡ ಬಿಡಿ, ಎಲ್ಲ ಕಂಪನಿಗಳಲ್ಲೂ ಹೆಚ್ಚು ಕಡಿಮೆ ಇದೇ ಸೆಟ್ ಇರುತ್ತದೆ.

ಧ್ಯಾನದ ಆ್ಯಪ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ದನಿ ಚೆನ್ನಾಗಿದೆ, ಮಳೆ ಸದ್ದು ಚೆನ್ನಾಗಿದೆ. ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬ್ ನಿಂತಾಗ ಹಿತವಾಗಿತ್ತು. ಲ್ಯಾಪ್‌ಟಾಪ್ ತೆರೆದರೆ ಅದೇ ಟಿಕೆಟ್‌ಗಳ (ಗ್ರಾಹಕರ ದೂರುಗಳ) ಸಾಲು, ಮೇಲಿನವರ ತನಕ ಹೋಗುವ ಅದೇ ಎಸ್ಕಲೇಶನ್. ಆಕ್ಸ್‌ಫರ್ಡ್‌ನ ಸಂಶೋಧಕ ವಿಲಿಯಂ ಫ್ಲೆಮಿಂಗ್ ಅನ್ನೋರು ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಸಮೀಕ್ಷೆ ಇಟ್ಟುಕೊಂಡು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಥ ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ ಪಡೆದವರು ಪಡೆಯದವರಿಗಿಂತ ಚೆನ್ನಾಗೇನೂ ಇರಲಿಲ್ಲ. ಸ್ವಯಂಸೇವೆಯ ಅವಕಾಶ ಒಂದರಲ್ಲಿ ಮಾತ್ರ ಸ್ವಲ್ಪ ಒಳ್ಳೆಯ ಫಲ ಕಂಡಿತು. ಆ ಸಮೀಕ್ಷೆ ಒಂದು ಹೊತ್ತಿನಲ್ಲಿ ತೆಗೆದ ಚಿತ್ರ, ಮೊದಲು ಹೇಗಿದ್ದರು ಆಮೇಲೆ ಹೇಗಾದರು ಅಂತ ಹೇಳಲ್ಲ, ಹಾಗಾಗಿ ಆ್ಯಪ್ ದಂಡ ಅಂತ ಪಟ್ಟು ಹಿಡಿಯಲಾರೆ. ಆದರೆ ನನಗೇನೂ ಆಶ್ಚರ್ಯ ಆಗಲಿಲ್ಲ.

ಚಾಟ್‌ಬಾಟ್ ಇದಕ್ಕಿಂತ ಮೇಲು. ನಡುರಾತ್ರಿ ಎರಡಕ್ಕೂ ಉತ್ತರ ಕೊಡುತ್ತದೆ, ನಾಚಿಕೆ ಇಲ್ಲದೆ ಏನು ಬೇಕಾದರೂ ಬರೆಯಬಹುದು. ಇವುಗಳ ಹಿಂದೆ ಸಾಮಾನ್ಯವಾಗಿ ಇರೋದು ಸಿಬಿಟಿ ಎಂಬ ಚಿಕಿತ್ಸಾ ವಿಧಾನ. ತಲೆಯಲ್ಲಿ ಬಂದ ಯೋಚನೆಯನ್ನು ಹಿಡಿದು, ಇದು ನಿಜವಾ, ಸಾಕ್ಷಿ ಏನು ಅಂತ ಕೇಳಿಕೊಳ್ಳೋದು. ‘ನನ್ನಿಂದ ಏನೂ ಆಗಲ್ಲ’ ಅನ್ನೋ ಯೋಚನೆಗೆ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಒಮ್ಮೆ ಕಾಲ್‌ನಲ್ಲಿ ಎಲ್ಲರೆದುರು ಮ್ಯಾನೇಜರ್ ಕೂಗಾಡಿದರು ಅಂತ ಬರೆದೆ. ಬಾಟ್ ಕೇಳಿದ್ದು: ಈ ಯೋಚನೆಯನ್ನು ಬೇರೆ ರೀತಿ ನೋಡಬಹುದಾ? ಅಲ್ಲ ಸ್ವಾಮಿ, ಕೂಗಾಡಿದ್ದು ಯೋಚನೆ ಅಲ್ವಲ್ಲ, ಕೂಗಾಡಿದ್ದೇ! ಇಲ್ಲಿ ಸರಿಹೋಗಬೇಕಾದ್ದು ನನ್ನ ತಲೆಯೊಂದೇ ಅಂತ ಅದು ಮೊದಲೇ ತೀರ್ಮಾನ ಮಾಡಿಕೊಂಡು ಕೂತಿದೆ. ಇನ್ನೊಂದು ಮಾತು, ಬಾಟ್ ನೆಚ್ಚಿಕೊಂಡವರಿಗೆ. ಈ ಕ್ಷೇತ್ರದಲ್ಲಿ ದೊಡ್ಡ ಹೆಸರಾಗಿದ್ದ ವೋಬಾಟ್ 2025ರ ಜೂನ್ 30ಕ್ಕೆ ತನ್ನ ಆ್ಯಪ್ ಅನ್ನೇ ನಿಲ್ಲಿಸಿತು.

ಆನ್‌ಲೈನ್ ಕೌನ್ಸೆಲಿಂಗ್ ಬಗ್ಗೆ ನಿಧಾನವಾಗಿ ಹೇಳಬೇಕು, ಯಾಕೆಂದರೆ ಗುಣ ದೋಷ ಎರಡೂ ಜಾಸ್ತಿ ಕಂಡದ್ದು ಅಲ್ಲೇ. ವೀಡಿಯೋದಲ್ಲಿ ಸಿಕ್ಕ ಕೌನ್ಸೆಲರ್ ಬಹಳ ಒಳ್ಳೆಯವರು. ಹಿಂದಿನ ಸಲ ಹೇಳಿದ್ದು ನೆನಪಿಟ್ಟುಕೊಂಡು ಕೇಳುತ್ತಿದ್ದರು, ಇದು ಯಾವ ಆ್ಯಪ್‌ನಲ್ಲೂ ಸಿಗಲಿಲ್ಲ. ತೊಡಕು ಇರೋದು ಬಾಗಿಲಲ್ಲಿ. ಒಳಗೆ ಹೋಗಬೇಕಾದರೆ ಆಫೀಸ್ ಇಮೇಲ್‌ನಿಂದಲೇ ಲಾಗಿನ್. ಆಮೇಲೆ ಪಿಹೆಚ್‌ಕ್ಯೂ-9 ಎಂಬ ಪ್ರಶ್ನಾವಳಿ ಬರುತ್ತದೆ. ಕಳೆದ ಎರಡು ವಾರದಲ್ಲಿ ಹೇಗಿದ್ದಿರಿ ಅಂತ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಒಂಬತ್ತನೆಯದು ಸತ್ತರೆ ವಾಸಿ ಅನ್ನಿಸಿತ್ತಾ ಅನ್ನುವ ಅರ್ಥದ್ದು. ಪರದೆಯ ಮೇಲೆ ಮೂಲೆಯಲ್ಲಿ ಕಂಪನಿ ಲೋಗೋ, ಅದರ ಕೆಳಗೆ ಈ ಪ್ರಶ್ನೆ. ಯಾರು ಸತ್ಯ ಒತ್ತುತ್ತಾರೆ ಹೇಳಿ? ಹೆಚ್‌ಆರ್‌ಗೆ ಹೋಗೋದು ಹೆಸರಿಲ್ಲದ ಒಟ್ಟು ಅಂಕಿ ಮಾತ್ರ ಅಂತ ಬರೆದಿರುತ್ತಾರೆ, ಇರಬಹುದು, ಆದರೆ ಐದಾರು ಜನರ ತಂಡದಲ್ಲಿ ಒಟ್ಟು ಅಂಕಿ ಅಂದರೆ ಯಾರದು ಅಂತ ಊಹಿಸೋಕೆ ಎಷ್ಟು ಹೊತ್ತು ಬೇಕು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆಯ ಹಕ್ಕು ಇದೆ ನಿಜ, ಆದರೆ ಅಪ್ರೈಸಲ್ ಹತ್ತಿರ ಬಂದಾಗ ಕಾಯ್ದೆ ಯಾರಿಗೆ ನೆನಪಿರುತ್ತದೆ!

ಟೆಲಿ ಮಾನಸ್‌ನಲ್ಲಿ ಈ ಭಯ ಇಲ್ಲ. 14416 ಒತ್ತಬೇಕು, ಭಾಷೆ ಆರಿಸಬೇಕು, ಅಷ್ಟೇ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆ ಇರುತ್ತದೆ. ಆಫೀಸಿಗೆ ಇದರ ಸುಳಿವೂ ಸಿಗಲ್ಲ. ನಾನು ಕ್ಯಾಬ್ ಇಳಿದು ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ನಿಂತು ಮಾತಾಡಿದೆ. ನಿದ್ದೆ ಹೇಗಿದೆ, ಹೊತ್ತಿಗೆ ಸರಿಯಾಗಿ ಊಟ ಆಗ್ತಿದೆಯಾ ಅಂತ ಆ ಕಡೆಯವರು ಕನ್ನಡದಲ್ಲಿ ಕೇಳಿದರು. ಇಂಗ್ಲಿಷಿನಲ್ಲಿ ಕೌನ್ಸೆಲರ್ ಜೊತೆ ಮಾತಾಡುವಾಗ ನಾನು ಪ್ರತಿ ವಾಕ್ಯವನ್ನೂ ಕ್ಲೈಂಟ್ ಕಾಲ್ ಥರ ತಿದ್ದಿ ಹೇಳುತ್ತಿದ್ದೆ. ಇಲ್ಲಿ ಅಮ್ಮನ ಕಾಯಿಲೆಯ ವಿಷಯ ತಾನಾಗೇ ಹೊರಗೆ ಬಂತು. ಆದರೆ ಇದು ಸಹಾಯವಾಣಿ, ವಾರವಾರ ಅದೇ ಕೌನ್ಸೆಲರ್ ಕೂತು ನಡೆಸುವ ಥೆರಪಿ ಅಲ್ಲ. ಹೆಚ್ಚಿನದು ಬೇಕಾದರೆ ತಜ್ಞರ ಕಡೆ ಕಳಿಸುತ್ತಾರೆ.

ಈ ನಾಲ್ಕರಲ್ಲಿ ಸೇರದ ಒಂದಿದೆ, ಅದನ್ನು ಯಾರೂ ಮಾನಸಿಕ ಆರೋಗ್ಯದ ಸಾಧನ ಅನ್ನಲ್ಲ: ಔಟ್‌ಲುಕ್ ಮತ್ತು ಟೀಮ್ಸ್‌ನ ಸೆಟ್ಟಿಂಗ್ಸ್. ಮೀಟಿಂಗ್ ಐದು ನಿಮಿಷ ಮೊದಲೇ ಮುಗಿಯುವಂತೆ ಹಾಕಬಹುದು, ಶಿಫ್ಟ್ ಮುಗಿದ ಮೇಲೆ ಫೋನಿಗೆ ನೋಟಿಫಿಕೇಶನ್ ಬರದಂತೆ ಮಾಡಬಹುದು. ನನ್ನ ನಿದ್ದೆ ಸ್ವಲ್ಪ ಸರಿಹೋದದ್ದು ಇದರಿಂದಲೇ. ಆದರೆ ಒಬ್ಬರೇ ಹಾಕಿಕೊಂಡರೆ ‘ಇವರು ಸಿಗೋದೇ ಇಲ್ಲ’ ಅನ್ನೋ ಹೆಸರು ಬರುತ್ತದೆ. ನಮ್ಮ ಲೀಡ್ ಇಡೀ ತಂಡಕ್ಕೆ ಹಾಕಿಸಿದ ಮೇಲೆ ಆ ಮಾತು ನಿಂತಿತು.

ಹಾಗಾಗಿ ನನ್ನ ಲೆಕ್ಕದಲ್ಲಿ ಸೆಟ್ಟಿಂಗ್ಸ್ ಮೊದಲು, 14416 ಎರಡನೆಯದು, ಕೌನ್ಸೆಲಿಂಗ್ ಮೂರು. ಬಾಟ್ ಹೊತ್ತಲ್ಲದ ಹೊತ್ತಿಗೆ ಪರವಾಗಿಲ್ಲ, ಧ್ಯಾನದ್ದನ್ನು ಫೋನಿನಿಂದ ತೆಗೆದೆ. ಬದುಕೇ ಬೇಡ ಅನ್ನಿಸುವಷ್ಟು ಕಷ್ಟ ಆಗಿದ್ದರೆ ಈ ಹೋಲಿಕೆ ಎಲ್ಲ ಬದಿಗಿಟ್ಟು ಈಗಲೇ ಆ ನಂಬರ್‌ಗೆ ಫೋನ್ ಮಾಡಿ. ಕೌನ್ಸೆಲಿಂಗ್ ಮೂರಕ್ಕಿಂತ ಮೇಲೆ ಬರಬೇಕಾದರೆ ಎರಡೇ ಬದಲಾವಣೆ ಸಾಕು: ಸ್ವಂತ ಇಮೇಲ್‌ನಿಂದ ಲಾಗಿನ್, ಪಟ್ಟಿಯಲ್ಲಿ ಕನ್ನಡ ಮಾತಾಡೋ ಕೌನ್ಸೆಲರ್. ಎರಡನ್ನೂ ಹೆಚ್‌ಆರ್‌ಗೆ ಬರೆದಿದ್ದೇನೆ. ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ ಅಂದಿದ್ದಾರೆ.