ಓ.ಟಿ.ಯಲ್ಲಿ ಹೊಗೆ ಎಳೆಯುವ ಮಷಿನ್: ತಗೊಳ್ಳೋ ಮುಂಚೆ ಇದನ್ನು ಓದಿ

ಸ್ಮೋಕ್ ಇವ್ಯಾಕ್ಯುಯೇಟರ್ (ಆಪರೇಷನ್ ವೇಳೆ ಏಳುವ ಹೊಗೆ ಎಳೆಯುವ ಮಷಿನ್) ತಗೊಳ್ಳಬೇಕಾ ಬೇಡ್ವಾ ಅಂತ ಧಾರವಾಡ, ಗದಗ ಕಡೆಯ ಸಣ್ಣ ಆಸ್ಪತ್ರೆಗಳ ಓ.ಟಿ. (ಆಪರೇಷನ್ ಥಿಯೇಟರ್) ಗೆಳೆಯರು ಕೇಳುತ್ತಲೇ ಇರುತ್ತಾರೆ. ತಗೊಳ್ಳಿ. ಆದರೆ ಮಷಿನ್ ಬೆಲೆಗಿಂತ ಮೊದಲು ಫಿಲ್ಟರ್ ಬೆಲೆ ಕೇಳಿ, ಸಪ್ಪಳ ಎಷ್ಟು ಅಂತ ನೋಡಿ. ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಓ.ಟಿ. ಟೆಕ್ನೀಷಿಯನ್. ಈ ಮಷಿನ್ ಹಚ್ಚುವುದು, ತೆಗೆಯುವುದು ನನ್ನದೇ ಕೆಲಸ.

ಹೊರಗಿನವರಿಗೆ ಸ್ವಲ್ಪ ಹೇಳುತ್ತೇನೆ. ಈಗ ಆಪರೇಷನ್‌ನಲ್ಲಿ ಬಹಳಷ್ಟು ಕಡೆ ಬ್ಲೇಡಿಗಿಂತ ಜಾಸ್ತಿ ಕಾಟರಿ ಪೆನ್ಸಿಲೇ (ಕರೆಂಟಿನಿಂದ ಸುಟ್ಟು ಕತ್ತರಿಸುವ ಪೆನ್ನಿನಂಥ ಉಪಕರಣ) ಓಡುತ್ತದೆ. ಕರೆಂಟ್ ಹರಿದ ಜಾಗದಲ್ಲಿ ಜೀವಕೋಶದೊಳಗಿನ ನೀರು ಕುದಿದು ಕೋಶ ಒಡೆಯುತ್ತದೆ, ರಕ್ತ ನಿಲ್ಲುತ್ತದೆ, ಜೊತೆಗೆ ಹೊಗೆಯೂ ಏಳುತ್ತದೆ. ಅದರಲ್ಲಿ ಶೇ. 95ರಷ್ಟು ನೀರಾವಿ. ಚಿಂತೆ ಉಳಿದ 5ರದ್ದು. ಬೆಂಜೀನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸೈನೈಡ್ ಎಲ್ಲಾ ಅದರಲ್ಲೇ ಇರುತ್ತವೆ. 1981ರಲ್ಲಿ ಜಪಾನಿನ ಸಂಶೋಧಕರು ಒಂದು ಗ್ರಾಂ ಮಾಂಸವನ್ನು ಕಾಟರಿಯಿಂದ ಸುಟ್ಟ ಹೊಗೆಯನ್ನು ಪರೀಕ್ಷೆ ಮಾಡಿದ್ದರು. ಜೀನ್ ಕೆಡಿಸುವ ಶಕ್ತಿಯಲ್ಲಿ ಅದು ಆರು ಸಿಗರೇಟಿಗೆ ಸಮ ಬಂತು. ಲೇಸರ್ ಹೊಗೆ ಮೂರಕ್ಕೆ. ನರಹುಲಿಯನ್ನು ಲೇಸರ್‌ನಿಂದ ಸುಟ್ಟಾಗ ಹೊಗೆಯಲ್ಲಿ, ಅದನ್ನು ತರುವ ಎಚ್‌ಪಿವಿ ವೈರಸ್ಸಿನ ಡಿಎನ್‌ಎ ಕೂಡ ಸಿಕ್ಕಿದೆ.

ಮಾಸ್ಕ್ ಇದೆಯಲ್ಲಾ ಅಂತೀರಾ? ಕಾಟರಿ ಹೊಗೆಯ ಕಣ ಸರಾಸರಿ 0.07 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ನಾವು ಕಟ್ಟುವ ಮಾಮೂಲಿ ಮಾಸ್ಕ್ ತಡೆಯುವುದು ಹೆಚ್ಚುಕಡಿಮೆ 5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡದನ್ನು, ಅದೂ ಕೆನ್ನೆಯ ಪಕ್ಕ ಸಂದಿ ಬಿಟ್ಟೇ ಕೂತಿರುತ್ತದೆ. ರಕ್ತ ಎಳೆಯಲು ಗೋಡೆಗೆ ಇರುವ ಸಕ್ಷನ್ ಪೈಪ್ ಸಣ್ಣಪುಟ್ಟ ಹೊಗೆಗೆ ಸಾಕು, ಅದಕ್ಕೂ ನಡುವೆ ಫಿಲ್ಟರ್ ಇರಬೇಕು. ದೊಡ್ಡ ಕೇಸಿಗೆ ಅದರ ಎಳೆತ ಏನೇನೂ ಸಾಲದು.

ಈಗ ಮಷಿನ್ ವಿಚಾರ. ಒಳಗೆ ಉಲ್ಪಾ ಅಂತ ಅತಿ ಸಣ್ಣ ಕಣ ಹಿಡಿಯುವ ಫಿಲ್ಟರ್ ಇದೆ, 0.12 ಮೈಕ್ರಾನ್ ಕಣವನ್ನು ಶೇ. 99.999ರಷ್ಟು ಹಿಡಿಯುತ್ತದೆ. ವಾಸನೆ, ಗ್ಯಾಸಿಗೆ ಇದ್ದಿಲ ಪದರ ಬೇರೆ. ಸ್ತನದ ಆಪರೇಷನ್‌ನಲ್ಲಿ ಕೊಬ್ಬು ಸುಟ್ಟು ಹೊಗೆ ಬಹಳ ಬರುತ್ತದೆ, ಅಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸಂಜೆ ಮನೆಗೆ ಹೋದಾಗ ಕೂದಲಿಗೆ ಆ ಸುಟ್ಟ ವಾಸನೆ ಇರುವುದಿಲ್ಲ, ಗಂಟಲು ಕೆರೆಯುವುದಿಲ್ಲ. ಇಷ್ಟಕ್ಕೇ ನನ್ನ ಪೂರ್ತಿ ಮೆಚ್ಚುಗೆ ಇದಕ್ಕಿದೆ.

ಆದರೆ ಒಂದು ಷರತ್ತು. ಪೈಪಿನ ಬಾಯಿ ಸುಡುವ ಜಾಗದಿಂದ ಎರಡು ಇಂಚಿನೊಳಗೆ ಇರಬೇಕು. ಅಸಿಸ್ಟೆಂಟ್ ಕೈ ಸ್ವಲ್ಪ ದೂರ ಸರಿದರೂ ಹೊಗೆ ನೇರ ಮುಖಕ್ಕೇ ಬರುತ್ತದೆ. ಅದಕ್ಕೇ ಪೈಪ್ ಸೇರಿಯೇ ಬರುವ ಕಾಟರಿ ಪೆನ್ಸಿಲ್ ಒಳ್ಳೆಯದು. ಸ್ವಲ್ಪ ದಪ್ಪ, ಕೈಗೆ ಭಾರ, ಥೈರಾಯಿಡ್‌ನಂಥ ಇಕ್ಕಟ್ಟಿನ ಕೆಲಸದಲ್ಲಿ ಸರ್ಜನ್‌ಗಳು ಗೊಣಗುತ್ತಾರೆ. ರೂಢಿ ಆದ ಮೇಲೆ ಯಾರೂ ಕೇಳುವುದಿಲ್ಲ.

ಸಪ್ಪಳ ಮಾತ್ರ ನಿಜವಾದ ತೊಂದರೆ. "ಸಿಸ್ಟರ್, ಅದನ್ನ ಬಂದ್ ಮಾಡ್ರಿ, ಮಾನಿಟರ್ ಬೀಪ್ ಕೇಳವಲ್ದು" ಅಂತ ಅರಿವಳಿಕೆ ಡಾಕ್ಟರ್ ಹೇಳಿದರೆ ಅದು ತಪ್ಪಲ್ಲ. ಕಾಟರಿ ಒತ್ತಿದಾಗ ಮಾತ್ರ ತಾನೇ ಶುರುವಾಗಿ, ಬಿಟ್ಟ ಮೇಲೆ ನಿಲ್ಲುವ ಮಾಡೆಲ್ ತಗೊಳ್ಳಿ. ಫಿಲ್ಟರ್ ಬಾಳಿಕೆಯೂ ಹೆಚ್ಚುತ್ತದೆ.

ಫಿಲ್ಟರ್ ಖರ್ಚು ನಿಲ್ಲದೆ ಬರುತ್ತಲೇ ಇರುತ್ತದೆ. ನಮ್ಮಲ್ಲಿ ಹೊಸ ಫಿಲ್ಟರ್ ಆರ್ಡರ್ ಆಗದೆ ಮಷಿನ್ ಮೂಲೆಯಲ್ಲಿ ಸುಮ್ನೆ ನಿಂತ ಕಾಲವೂ ಇತ್ತು. ಆಗಲೂ ಹೊಗೆ ಇತ್ತು, ನಾವೂ ಅಲ್ಲೇ ನಿಂತಿದ್ದೆವು. ರೋಗಿ ಒಂದು ಸಲ ಬಂದು ಹೋಗುತ್ತಾನೆ, ಸಿಸ್ಟರ್, ವಾರ್ಡ್‌ಬಾಯ್, ಡಾಕ್ಟರ್ ದಿನಾ ಅದನ್ನೇ ಉಸಿರಾಡುತ್ತಾರೆ, ಅಲ್ವಾ? ಮ್ಯಾನೇಜ್‌ಮೆಂಟ್ ಮುಂದೆ ಕೂತಾಗ ಮಷಿನ್ ಜೊತೆಗೇ ಒಂದು ವರ್ಷದ ಫಿಲ್ಟರ್ ಖರ್ಚನ್ನೂ ಬರೆಸಿಕೊಳ್ಳಿ. ಹಳೆಯ ಫಿಲ್ಟರನ್ನು ಗ್ಲೌಸ್, ಮಾಸ್ಕ್ ಹಾಕಿಕೊಂಡು ತೆಗೆದು ಬಯೋಮೆಡಿಕಲ್ ಕಸಕ್ಕೇ ಹಾಕಿ.

ಲ್ಯಾಪ್ರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮಾಡುವವರು ಇನ್ನೊಂದು ಗಮನಿಸಿ: ಹೊಗೆ ಹೊಟ್ಟೆಯೊಳಗೇ ತುಂಬಿರುತ್ತದೆ, ಪೋರ್ಟಿನ (ಆ ತೂತಿಗೆ ಹಾಕುವ ಕೊಳವೆಯ) ವಾಲ್ವ್ ತೆರೆದ ಕೂಡಲೇ ಒಮ್ಮೆಲೇ ಹೊರಗೆ ನುಗ್ಗುತ್ತದೆ. ಪೋರ್ಟಿಗೆ ಹಚ್ಚುವ ಸಣ್ಣ ಫಿಲ್ಟರ್ ಪ್ರತ್ಯೇಕ ಸಿಗುತ್ತದೆ, ಅದನ್ನೂ ಕೇಳಿ. ಡೀಲರ್ ತೋರಿಸುವ ಐದು ನಿಮಿಷದ ಡೆಮೊಗೆ ಒಪ್ಪಬೇಡಿ, ನಿಮ್ಮದೇ ಓ.ಟಿ.ಯಲ್ಲಿ ಒಂದು ಪೂರ್ತಿ ಕೇಸ್ ಓಡಿಸಿ ನೋಡಿ, ಟೇಬಲ್ ಸುತ್ತ ನಿಂತ ಎಲ್ಲರನ್ನೂ ಕೇಳಿ, ಆಮೇಲೆ ಸಹಿ ಮಾಡಿ.