ಗಿಡಕ್ಕೆ ಐದು ಸ್ಟಾರ್, ನೆಡ್ಲಿಕ್ಕೆ ಬಂದವರಿಗೆ ಒಂದೇ

ಉಡುಪಿ ಹತ್ರ ಹೈವೇ ಬದಿಯ ಒಂದು ನರ್ಸರಿಯ ರಿವ್ಯೂ ಇದು. ಹೆಸರು ಹಾಕುದಿಲ್ಲ, ಬೈಗುಳವೂ ಉಂಟು ಇದ್ರಲ್ಲಿ, ಹೊಗಳಿಕೆಯೂ ಉಂಟು, ಸುಮ್ಮನೆ ಯಾಕೆ ತಂಟೆ.

ನಮ್ಗೆ ಬೇಕಾದದ್ದು ಗೇಟಿನ ಎರಡೂ ಬದಿಗೆ ಎತ್ತರಕ್ಕೆ ಹೋಗುವ ಪಾಮ್. ಮನೆಯವಳು ಯಾವುದೋ ರೆಸಾರ್ಟಲ್ಲಿ ನೋಡಿ ಬಂದು ರಾಯಲ್ ಪಾಮೇ ಆಗ್ಬೇಕು ಅಂತ ಹಠ, ಅಮ್ಮನದ್ದು ಬೇರೆಯೇ ರಾಗ, "ತೆಂಗು ನೆಟ್ರೆ ಕಾಯಿ ಆದ್ರೂ ಸಿಗ್ತದೆ, ತಿನ್ಲಿಕ್ಕಾಗದ ಮರಕ್ಕೆ ಯಾರಾದ್ರೂ ದುಡ್ಡು ಸುರೀತಾರಾ ಮಾರಾಯ" ಅಂತ. ಬೇರೆ ಒಂದೆರಡು ಕಡೆ ಕೇಳಿದ್ದೆ, ಎಲ್ಲಾ ಕಡೆ ಒಂದೇ ಕಥೆ, ಯಾವ್ದು ಬೇಕು ಸರ್, ಎಷ್ಟು ಬೇಕು ಸರ್, ಗೂಗಲ್ ಪೇ ಮಾಡಿ ಸರ್. ಇಲ್ಲಿನ ಓನರ್ ಮಾತ್ರ ರೇಟ್ ಹೇಳುವ ಮೊದ್ಲೇ ಕೇಳ್ಲಿಕ್ಕೆ ಶುರು ಮಾಡಿದ್ರು. ಜಾಗ ಎಷ್ಟು ಸೆಂಟ್ಸ್, ಕಂಪೌಂಡಿಗೂ ಗೋಡೆಗೂ ಎಷ್ಟು ಗ್ಯಾಪ್ ಉಂಟು, ಕಾರ್ ಎಲ್ಲಿ ನಿಲ್ಸುದು, ಮೇಲಿಂದ ಕರೆಂಟ್ ಲೈನ್ ಹೋಗ್ತದಾ. ಎಲ್ಲ ಕೇಳಿ ಆದ್ಮೇಲೆ, "ಏಳು ಸೆಂಟ್ಸಿಗೆ ರಾಯಲ್ ಪಾಮ್ ಕೊಡುದಿಲ್ಲ ಸರ್, ಆಮೇಲೆ ನೀವು ನಂಗೇ ಬೈಯ್ತೀರಿ" ಅಂದ್ರು. ಕೈಗೆ ಬಂದ ಗಿರಾಕಿಗೆ ಬೇಡ ಅನ್ನುವವ್ರನ್ನು ನಾನು ನೋಡಿದ್ದೇ ಕಮ್ಮಿ.

ಅವ್ರು ಹೇಳಿದ್ದು ಸರಿಯೇ. ರಾಯಲ್ ಪಾಮ್ ಕ್ಯೂಬಾ ಕಡೆಯ ಮರ, ಅಲ್ಲಿನ ರಾಷ್ಟ್ರೀಯ ಮರವೂ ಹೌದು, 20ರಿಂದ 30 ಮೀಟರ್ ಹೋಗ್ತದೆ. ಎತ್ತರದ್ದು ಬಿಡಿ, ಬೀಳುವುದರದ್ದು ಯೋಚನೆ ಮಾಡಿ. ಅಡಿಕೆ ಸೋಗೆ ಹಾಳೆ ಸಮೇತ ಕಳಚಿ ಬೀಳುದು ನಮ್ಗೆಲ್ಲ ಗೊತ್ತುಂಟು, ಇದ್ರದ್ದೂ ಅದೇ ನಮೂನೆ, ಆದ್ರೆ ಒಂದೊಂದು ಸೋಗೆ ಹತ್ತು ಹನ್ನೆರಡು ಅಡಿ ಉದ್ದ, ಹಾಳೆಯದ್ದೇ ಒಂದು ಭಾರ, ಅಷ್ಟು ಮೇಲಿಂದ ಬಿದ್ರೆ ಕಾರಿನ ಗ್ಲಾಸ್ ಗೋವಿಂದ. ಎತ್ತರ ಜಾಸ್ತಿ ಆಯ್ತು ಅಂತ ತುದಿ ಕಡಿಯುವ ಅಂದ್ರೆ ಅದೂ ಆಗುದಿಲ್ಲ, ಪಾಮಿಗೆ ಸುಳಿ ಒಂದೇ ಇರುದು, ಅದು ಹೋದ್ರೆ ಮರವೇ ಹೋಯ್ತು. ದೊಡ್ಡ ಅಂಗಳ, ಉದ್ದದ ಡ್ರೈವ್‌ವೇ ಇರುವವ್ರು ಧಾರಾಳ ಹಾಕಿ, ಚಂದದಲ್ಲಿ ಅದಕ್ಕೆ ಸಾಟಿ ಇಲ್ಲ.

ನಮ್ಗೆ ಕೊಟ್ಟದ್ದು ಫಾಕ್ಸ್‌ಟೈಲ್ ಪಾಮ್, ಎಲೆ ಪೊದೆಪೊದೆಯಾಗಿ ನರಿ ಬಾಲದ ಹಾಗೆ ಬರ್ತದಲ್ಲ, ಅದು. ಮೂಲ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕೇಪ್ ಮೆಲ್ವಿಲ್, ಅಲ್ಲಿ ದೊಡ್ಡ ದೊಡ್ಡ ಗ್ರಾನೈಟ್ ಬಂಡೆಗಳ ಸಂದಿಯಲ್ಲಿ ಬೆಳೆಯುದು, ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದೇ 1983ರಲ್ಲಿ. ಈಗ ನೋಡಿದ್ರೆ ಮಂಗಳೂರಿನ ಅಪಾರ್ಟ್‌ಮೆಂಟ್ ಗೇಟಲ್ಲೂ ಅದೇ. ಸುಮಾರು 10 ಮೀಟರಿಗೆ ನಿಲ್ತದೆ, ಒಣಗಿದ ಸೋಗೆ ತಾನೇ ಬೀಳ್ತದೆ, ರಾಯಲ್ ಪಾಮಿನಷ್ಟು ಹೆದರಿಕೆ ಇಲ್ಲ. ಆರಡಿ ಗಿಡಕ್ಕೆ ಒಂದಕ್ಕೆ 1,800 ಹೇಳಿ 1,600ಕ್ಕೆ ಬಂದ್ರು.

ಗಿಡ ಆರಿಸಿದ ರೀತಿ ನಂಗೆ ಇಷ್ಟ ಆಯ್ತು. ನೆರಳಿನ ನೆಟ್ಟಿನ ಒಳಗೆ ಹಸಿರು ಹಸಿರಾಗಿ ಮಿಂಚ್ತಿದ್ದದ್ದನ್ನು ನಾನು ತೋರಿಸಿದ್ರೆ ಅದು ಬೇಡ, ಬಿಸಿಲಿಗೆ ಇಟ್ಟ ವಾರದಲ್ಲಿ ಎಲೆ ಸುಟ್ಟು ಹೋಗ್ತದೆ ಅಂತ ಹೇಳಿ ಹೊರಗೆ ಬಿಸಿಲಲ್ಲಿ ಇದ್ದದ್ದು ತೋರಿಸಿದ್ರು, ಸ್ವಲ್ಪ ಡಲ್ ಕಾಣ್ತದೆ ಆದ್ರೆ ಗಟ್ಟಿ. ಮತ್ತೆ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲ ಎಳೆದ್ರು. ಕೈಗೆ ಬಂದ್ರೆ ಒಳಗೆ ಕೊಳೆತಿದೆ ಅಂತ ಲೆಕ್ಕ, ಬಾರದಿದ್ರೆ ತಗೊಳ್ಬಹುದು. ತೋಟದವ್ರಿಗೆ ಸುಳಿಕೊಳೆ ಹೊಸತಲ್ಲ, ಆದ್ರೆ ಸೈಟ್ ತಗೊಂಡು ಮನೆ ಕಟ್ಟಿದ ನಮ್ಮಂಥವ್ರಿಗೆ ಇದನ್ನು ಯಾರು ಹೇಳಿಕೊಡ್ತಾರೆ.

ಮೂಲೆಯಲ್ಲಿ ಶ್ರೀತಾಳೆ ಸಸಿಯೂ ಇತ್ತು, ತುಳುವಲ್ಲಿ ನಮ್ಮ ಪನೋಲಿ, ಓಲೆಗರಿ ಬರೀತಿದ್ದ ಮರ. ಮೂವತ್ತರಿಂದ ಎಂಬತ್ತು ವರ್ಷ ಸುಮ್ಮನೆ ಬೆಳೆದು ಒಂದೇ ಸಲ ಹೂ ಬಿಟ್ಟು, ಕಾಯಿ ಮಾಗಿದ ಮೇಲೆ ಸಾಯ್ತದೆ. ಅದನ್ನು ಯಾರೂ ಕೇಳುದಿಲ್ಲ ಅಂತೆ. ಜಾಗ ಇದ್ರೆ ನಾನು ಅದನ್ನೇ ಹಾಕ್ತಿದ್ದೆ, ಒಂದೊಂದು ಎಲೆಯೇ ಹದಿನೈದು ಅಡಿ ಅಗಲ ಆಗ್ತದೆ, ಏಳು ಸೆಂಟ್ಸಲ್ಲಿ ಆ ಮರ ಇರ್ಬೇಕು ಇಲ್ಲ ನಾವು ಇರ್ಬೇಕು.

ಇಷ್ಟರವರೆಗೆ ಐದು ಸ್ಟಾರ್. ಈಗ ನೆಡುವ ಸರ್ವಿಸ್. ಗಿಡಕ್ಕೆ 500 ಎಕ್ಸ್ಟ್ರಾ ಕೊಟ್ರೆ ಗುಂಡಿ ತೆಗೆದು ನೆಟ್ಟು ಕೊಡ್ತಾರೆ ಅಂತ ಬಿಲ್ಲಲ್ಲೇ ಸೇರ್ಸಿದ್ರು. ಬಂದ ಟೀಮು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸುವ ಗಡಿಬಿಡಿಯಲ್ಲಿತ್ತು. ನಮ್ಮ ಅಡಿಯಲ್ಲಿ ಬರೀ ಮುರಕಲ್ಲು, ಅದ್ರಲ್ಲಿ ಗುಂಡಿ ಅಂದ್ರೆ ಬಾಲ್ದಿ ಇದ್ದ ಹಾಗೆ, ನೀರು ಎಲ್ಲಿಗೂ ಹೋಗುದಿಲ್ಲ, ಬದಿಯಿಂದ ಒಂದು ಚರಂಡಿ ಕೊಡಿ ಅಂದ್ರೆ "ಮಳೆಗಾಲದಲ್ಲಿ ನೀರು ಒಳ್ಳೇದೇ ಅಲ್ವಾ" ಅಂತ ಉತ್ತರ. ಮುಚ್ಚಲಿಕ್ಕೆ ಮನೆ ಕಟ್ಟಿದ ಉಳಿದ ಸಿಮೆಂಟ್ ಮಣ್ಣನ್ನೇ ಎಳೆದು ಹಾಕಿದ್ರು, ಬುಡವನ್ನು ಅರ್ಧ ಅಡಿ ಜಾಸ್ತಿ ಹೂತ್ರು. ಎಲ್ಲಕ್ಕಿಂತ ದೊಡ್ಡದು, ಗಾಳಿಗೆ ಬೀಳದ ಹಾಗೆ ಸಪೋರ್ಟ್ ಕೊಡ್ಲಿಕ್ಕೆ ರೀಪನ್ನು, ಅಂದ್ರೆ ಮರದ ಪಟ್ಟಿಯನ್ನು, ಒಂದು ಗಿಡದ ಕಾಂಡಕ್ಕೇ ಮೊಳೆ ಹೊಡೆದು ನಿಲ್ಸಿದ್ರು! ಬೇರೆ ಮರದ ಹಾಗೆ ಪಾಮಿನ ಗಾಯಕ್ಕೆ ಹೊಸ ತೊಗಟೆ ಬಂದು ಮುಚ್ಚುದಿಲ್ಲ, ಮರ ಇರುವವರೆಗೆ ತೂತು ತೂತೇ, ತೆಂಗು, ಪಾಮಿನ ಕಾಂಡ ಕೊರೆದು ತಿನ್ನುವ ಕೆಂಪು ಮೂತಿ ಹುಳಕ್ಕೆ ಗಾಯ ಆದ ಜಾಗವೇ ಬೇಕಾದದ್ದು. ಗೋಣಿ ಸುತ್ತಿ ಹಗ್ಗದಲ್ಲಿ ಕಟ್ಟಿದ್ರೆ ಐದು ನಿಮಿಷದ ಕೆಲ್ಸ.

ಸ್ವಲ್ಪ ಸಮಯಕ್ಕೆ ಹೊಸ ಎಲೆ ಸುಟ್ಟ ಹಾಗೆ ಮುರುಟಿಕೊಂಡು ಬಂತು. ಫೋನ್ ಮಾಡಿದ್ರೆ, ಅವ್ರು ನಮ್ಮ ಸ್ಟಾಫ್ ಅಲ್ಲ, ಕಾಂಟ್ರಾಕ್ಟಿನವ್ರು ಅಂತ. ಬಿಲ್ ನಿಮ್ದು, ಹಣ ತಗೊಂಡದ್ದು ನೀವು, ಕಾಂಟ್ರಾಕ್ಟಿನವ್ರನ್ನು ನಾನು ಎಲ್ಲಿ ಹುಡುಕ್ಲಿ? ಆದ್ರೂ ಓನರ್ ಸ್ವತಃ ಬಂದ್ರು, ಅದನ್ನು ಹೇಳ್ಲೇಬೇಕು. ಸಿಮೆಂಟಿನ ಸುಣ್ಣಕ್ಕೆ ಮಣ್ಣಲ್ಲಿರುವ ಮ್ಯಾಂಗನೀಸ್ ಅನ್ನುವ ಪೋಷಕಾಂಶ ಬೇರಿಗೆ ಸಿಗುದಿಲ್ಲ, ಆಳ ಹೂತದ್ದೂ ಸೇರಿ ಹಾಗಾದದ್ದು ಅಂತ ವಿವರಿಸಿ, ಗಿಡ ಎಬ್ಬಿಸಿ, ಆ ಮಣ್ಣು ತೆಗೆಸಿ ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿ ಚೀಲದಲ್ಲಿ ಇದ್ದಷ್ಟೇ ಮಟ್ಟಕ್ಕೆ ನೆಟ್ರು. ಮೊಳೆ ತೆಗೆದ್ರು, ಆ ಗಿಡ ಬದಲಾಯಿಸಿ ಕೊಡಿ ಅಂದದ್ದಕ್ಕೆ ಮಾತ್ರ "ನೋಡುವ" ಅಂದವ್ರು ಈಗ್ಲೂ ನೋಡ್ತಾ ಇದ್ದಾರೆ.

ಮತ್ತೆ ಕೌಂಟರಲ್ಲಿ ಲೇಬಲ್ ಇಲ್ಲದ ಬಾಟ್ಲಿಯಲ್ಲಿ ಪಾಮ್ ಟಾನಿಕ್ ಅಂತ 350ಕ್ಕೆ ಮಾರ್ತಾರೆ, ತಗೊಳ್ಬೇಡಿ. ನಮ್ಮ ಮಳೆಗೆ ಮಣ್ಣಿನ ಪೊಟ್ಯಾಷ್, ಮೆಗ್ನೀಷಿಯಂ ತೊಳೆದು ಹೋಗ್ತದೆ, ಹಳೇ ಎಲೆ ಹಳದಿ ಆಗುದು ಹೆಚ್ಚಾಗಿ ಅದಕ್ಕೇ. ಸೊಸೈಟಿಯಲ್ಲಿ ಎರಡೂ ಸಿಗ್ತದೆ, ಮಳೆ ಬಿಟ್ಟ ಮೇಲೆ ಬುಡದಿಂದ ಸ್ವಲ್ಪ ದೂರ ಹಾಕಿ. ಹಳದಿ ಎಲೆ ಚಂದ ಕಾಣುದಿಲ್ಲ ಅಂತ ಕಡಿಯುದೂ ಬೇಡ, ಗಿಡ ಅದ್ರಿಂದ್ಲೇ ಪೊಟ್ಯಾಷ್ ಎಳ್ಕೊಂಡು ಹೊಸ ಎಲೆಗೆ ಕೊಡ್ತಿರ್ತದೆ.

ಗಿಡ ತಗೊಳ್ಳಿಕ್ಕೆ ಹೋಗುವವ್ರು ಶನಿವಾರ ಭಾನುವಾರ ಬಿಟ್ಟು ಹೋಗಿ, ಓನರ್ ಮಾತಾಡ್ಲಿಕ್ಕೆ ಸಿಗ್ತಾರೆ. ನೆಡ್ಲಿಕ್ಕೆ ನಿಮ್ಮ ತೋಟದ ಕೆಲ್ಸದವ್ರನ್ನೇ ಕರೀರಿ. ಡೆಲಿವರಿ ಪಿಕಪ್ಪಲ್ಲಿ ಗಿಡ ಮಲಗಿಸಿ ತರ್ತಾರೆ, ಸೋಗೆ ಎಲ್ಲ ಮೇಲೆತ್ತಿ ಸುಳಿ ಸುತ್ತ ಹಗ್ಗ ಕಟ್ಟಿ ಆದ್ಮೇಲೆಯೇ ಗಾಡಿ ಬಿಡ್ಲಿಕ್ಕೆ ಹೇಳಿ.