ಹಾಟ್ ರಾಡ್‌ನಲ್ಲಿ ಫ್ಲಾಟ್‌ಹೆಡ್ ವಿ8: ಬಹಳ ವರ್ಷ ಓಡಿಸಿದವನ ವಿಮರ್ಶೆ

ನಿಮ್ಮ ಹಾಟ್ ರಾಡ್‌ಗೆ, ಅಂದರೆ ವೇಗಕ್ಕಾಗಿ ಇಂಜಿನ್ ಬದಲಿಸಿ ಕಟ್ಟಿದ ಹಳೆಯ ಕಾರಿಗೆ, ಫೋರ್ಡ್‌ನ ಹಳೆಯ ಎಂಟು ಸಿಲಿಂಡರ್ ಇಂಜಿನ್ ಫ್ಲಾಟ್‌ಹೆಡ್ ವಿ8 ಹಾಕಬೇಕು ಅಂತ ಇದ್ದರೆ ಒಂದು ಮಾತು. ಮೊದಲ ದುಡ್ಡನ್ನು ಕಾರ್ಬೊರೇಟರಿಗೂ ಕ್ರೋಮಿಗೂ ಸುರಿಯಬೇಡಿ. ಬ್ಲಾಕ್ (ಸಿಲಿಂಡರ್‌ಗಳಿರುವ ಎರಕದ ಮೈ) ತೊಳೆಸುವುದಕ್ಕೆ ಮತ್ತು ಒಳ್ಳೆಯ ರೇಡಿಯೇಟರಿಗೆ ಹಾಕಿ. ಈ ವಿಮರ್ಶೆಯಲ್ಲಿ ಬಿಸಿಯ ಮಾತೇ ಜಾಸ್ತಿ ಬರುತ್ತದೆ. ಈ ಇಂಜಿನ್ ಇಟ್ಟುಕೊಂಡು ದಿನ ದೂಡುವುದು ಅಂದರೆ ಹೆಚ್ಚುಕಮ್ಮಿ ಅದೇ.

ನನ್ನದು 1931ರ ಮಾಡೆಲ್ ಎ ರೋಡ್‌ಸ್ಟರ್. ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಕಾರ್ಖಾನೆಯಿಂದ ಬಂದಾಗ ಇದರಲ್ಲಿದ್ದದ್ದು 40 ಎಚ್‌ಪಿಯ ನಾಲ್ಕು ಸಿಲಿಂಡರ್ ಇಂಜಿನ್. ಈಗ ಅದರ ಜಾಗದಲ್ಲಿ 1948ರ ಫ್ಲಾಟ್‌ಹೆಡ್, 59ಎ ಅನ್ನುವ ಮಾದರಿಯ ಬ್ಲಾಕ್, ಕೂತಿದೆ. ಮೂಲದಲ್ಲಿ ಅದು 239 ಘನ ಇಂಚು, 100 ಎಚ್‌ಪಿ. ಬೋರ್ (ಸಿಲಿಂಡರಿನ ಅಗಲ) ದೊಡ್ಡದು ಮಾಡಿಸಿ, 4 ಇಂಚು ಸ್ಟ್ರೋಕಿನ (ಪಿಸ್ಟನ್ ಓಡುವ ಉದ್ದ) ಮರ್ಕ್ಯುರಿ ಕಾರಿನ ಕ್ರ್ಯಾಂಕ್ ಹಾಕಿದ ಮೇಲೆ 276 ಘನ ಇಂಚು ಆಯಿತು, ಅಂದರೆ ಸುಮಾರು 4.5 ಲೀಟರ್. ಇದೇನೂ ನನ್ನ ತಲೆಯ ಐಡಿಯಾ ಅಲ್ಲ. 1950ರ ಆಸುಪಾಸಿನ ಹುಡುಗರು ಗುಜರಿಯಿಂದ ಕ್ರ್ಯಾಂಕ್ ತಂದು ಮಾಡುತ್ತಿದ್ದದ್ದೇ ಇದು.

ಆ ಹುಡುಗರಿಗೆ ಈ ಇಂಜಿನ್ ಮೇಲೆ ಅಷ್ಟು ಪ್ರೀತಿ ಯಾಕೆ? ಅಗ್ಗಕ್ಕೆ ಸಿಗುತ್ತಿತ್ತು, ಅಷ್ಟೇ. 1932ರಲ್ಲಿ ಫೋರ್ಡ್ ಇಡೀ ವಿ8 ಬ್ಲಾಕನ್ನು ಒಂದೇ ಎರಕದಲ್ಲಿ ಹೊಯ್ದು ಸಾಮಾನ್ಯರ ಕಾರಿಗೆ ಹಾಕಿತು. 221 ಘನ ಇಂಚು, 65 ಎಚ್‌ಪಿ. ಅಲ್ಲಿಯವರೆಗೆ ವಿ8 ಅಂದರೆ ದುಡ್ಡಿದ್ದವರ ಮಾತು. ಕೆಲವೇ ವರ್ಷಗಳಲ್ಲಿ ಗುಜರಿ ಅಂಗಡಿಗಳಲ್ಲೆಲ್ಲ ಇದೇ ಇಂಜಿನ್. ಮ್ಯೂರಾಕ್, ಎಲ್ ಮಿರಾಜ್‌ನಂಥ ಒಣ ಕೆರೆಗಳ ಮೇಲೆ ಅದನ್ನೇ ಕಟ್ಟಿಕೊಂಡು ಓಡಿಸಿದರು. 1950ರಲ್ಲಿ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ ಡ್ರ್ಯಾಗ್ ರೇಸ್ (ನೇರ ದಾರಿಯಲ್ಲಿ ಇಬ್ಬರ ವೇಗದ ಓಟ) ಶುರುವಾಯಿತು. ಮರುವರ್ಷ ವಾಲಿ ಪಾರ್ಕ್ಸ್ ಈ ರೇಸಿಗೆ ಎನ್‌ಎಚ್‌ಆರ್‌ಎ ಅನ್ನುವ ಸಂಸ್ಥೆ ಕಟ್ಟಿದರು. 1953ಕ್ಕೆ ಅಮೆರಿಕದ ಫೋರ್ಡ್ ಕಾರುಗಳಲ್ಲಿ ಫ್ಲಾಟ್‌ಹೆಡ್ ಕಾಲ ಮುಗಿಯಿತು. 1955ರಲ್ಲಿ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 ಇಂಜಿನ್ ಬಂತು. ಆಮೇಲೆ ರೇಸಿನಲ್ಲಿ ಇದನ್ನು ಕೇಳುವವರು ಕಡಿಮೆಯಾದರು.

ಈಗ ಬಿಸಿಯ ವಿಷಯಕ್ಕೆ ಬರೋಣ. ಈ ಇಂಜಿನ್‌ನಲ್ಲಿ ವಾಲ್ವ್‌ಗಳು (ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಕವಾಟಗಳು) ಹೆಡ್‌ನಲ್ಲಿಲ್ಲ, ಬ್ಲಾಕ್ ಒಳಗೇ ಇವೆ. ಹೆಡ್ ಅಂದರೆ ಬರೀ ಮುಚ್ಚಳ. ಎರಡು ಸಾಲು ಸಿಲಿಂಡರ್‌ಗಳು 'ವಿ' ಆಕಾರದಲ್ಲಿವೆ. ವಾಲ್ವ್‌ಗಳು ಆ 'ವಿ'ಯ ಒಳಬದಿಯಲ್ಲಿವೆ, ಸೈಲೆನ್ಸರ್ ಪೈಪು ಹೊರಬದಿಯಲ್ಲಿದೆ. ಹಾಗಾಗಿ ಸುಟ್ಟ ಹೊಗೆಯೆಲ್ಲ ಸಿಲಿಂಡರ್‌ಗಳ ನಡುವೆ, ತಂಪು ಮಾಡುವ ನೀರಿನ ಮಧ್ಯದಲ್ಲೇ ನುಗ್ಗಿ ಹೊರಗೆ ಬರಬೇಕು. ಒಂದು ಬದಿಗೆ ನಾಲ್ಕು ಸಿಲಿಂಡರ್, ಆದರೆ ಬಾಯಿ ಮೂರೇ. ನಡುವಿನ ಎರಡು ಸಿಲಿಂಡರ್‌ಗಳಿಗೆ ಒಂದೇ ದಾರಿ. ಅಂದರೆ ನೀರಿಗೆ ಸಿಲಿಂಡರಿನ ಶಾಖ ಸಾಲದು ಅಂತ ಹೊಗೆಯ ಶಾಖವೂ ಸೇರುತ್ತದೆ. ಡಿಸೈನೇ ಹಾಗೆ. ಯಾವ ಜಾದೂ ಎಣ್ಣೆ, ಯಾವ ಪುಡಿ ಹಾಕಿದರೂ ಅದು ಬದಲಾಗಲ್ಲ.

ಮೊದಲ ಬೇಸಿಗೆಯಲ್ಲಿ ಹೈವೇ 17ರ ಏರಿನಲ್ಲಿ, ಸಾಂಟಾ ಕ್ರೂಜ್ ಕಡೆ ಹೋಗುವ ವಾರಾಂತ್ಯದ ಟ್ರಾಫಿಕ್‌ನಲ್ಲಿ, ಬಿಸಿ ತೋರಿಸುವ ಸೂಜಿ ಸುಮ್ನೆ ಏರುತ್ತಲೇ ಇತ್ತು. ಬ್ಲಾಕ್ ತೊಳೆದುಕೊಟ್ಟ ಮಷೀನ್ ಶಾಪ್‌ನವರು ಕ್ಲೀನ್ ಅಂತಲೇ ಬಿಲ್ ಕೊಟ್ಟಿದ್ದರು. ಬಿಚ್ಚಿ ನೋಡಿದರೆ ನೀರಿನ ದಾರಿಯಲ್ಲಿ ಎರಕದ ಕಾಲದ ಮರಳು, ತಂತಿ, ತುಕ್ಕಿನ ಗಟ್ಟಿ ಹೆಂಟೆ. ಮತ್ತೆ ಇಳಿಸಿ, ಬೇರೆಯವರ ಹತ್ತಿರ ಸುಡಿಸಿ ತೊಳೆಸಿದೆ. ಎರಡು ಸಲ ಕೊಟ್ಟ ದುಡ್ಡಿನ ಬಗ್ಗೆ ಇಲ್ಲಿ ಬರೆಯಲ್ಲ, ಹೆಂಡತಿಯೂ ಇದನ್ನು ಓದುತ್ತಾಳೆ.

ತೊಳೆಸಿದ್ದರಿಂದಲೇ ಅರ್ಧ ಸಮಸ್ಯೆ ಹೋಯಿತು. ಉಳಿದದ್ದು ಗಾಳಿಯದು. 59ಎ ಕಾಲದ ಫೋರ್ಡ್ ಕಾರುಗಳಲ್ಲಿ ಫ್ಯಾನ್ ಕ್ರ್ಯಾಂಕಿನ ಮುಂದೆ, ತೀರಾ ಕೆಳಗೆ ಇರುತ್ತದೆ. ರೇಡಿಯೇಟರಿನ ಮೇಲಿನ ಭಾಗಕ್ಕೆ ಗಾಳಿಯೇ ಮುಟ್ಟಲ್ಲ. ಫ್ಯಾನ್ ಮೇಲೆತ್ತಿ, ಸುತ್ತ ಗಾಳಿ ಚದುರದಂತೆ ತಗಡಿನ ಕವಚ (ಶ್ರೌಡ್) ಕಟ್ಟಿಸಿದೆ. ನೀರಿನ ಪಂಪು ಎರಡು, ಥರ್ಮೋಸ್ಟಾಟ್ ಕೂಡ ಎರಡು. ಒಂದು ಬದಿಯದು ಕೈಕೊಟ್ಟರೆ ಆ ಬದಿ ಮಾತ್ರ ಕುದಿಯುತ್ತದೆ. ಆದ್ದರಿಂದ ಗೇಜ್ ಎರಡೂ ಬದಿಗೆ ಹಾಕಿಸಿ. ಇದೆಲ್ಲ ಆದ ಮೇಲೆ ರಸ್ತೆಯಲ್ಲಿ 82 ಡಿಗ್ರಿ ಸೆಲ್ಸಿಯಸ್ ಹತ್ತಿರ ನಿಲ್ಲುತ್ತದೆ. ಸಿಗ್ನಲ್‌ನಲ್ಲಿ ಏರುತ್ತದೆ, ಹೊರಟರೆ ಇಳಿಯುತ್ತದೆ.

ಕಾರ್ಬೊರೇಟರ್ ಎರಡು ಸ್ಟ್ರಾಂಬರ್ಗ್ 97. 97 ಅಂದರೆ ಒಳಗಿನ ಕಿರಿದಾದ ಗಂಟಲು 0.97 ಇಂಚು ಅಂತ. ಈಗ ಹೊಸದಾಗಿಯೂ ಸಿಗುತ್ತವೆ. ನನಗಂತೂ ತೊಂದರೆ ಕೊಟ್ಟಿಲ್ಲ, ಆದರೆ ಪೆಟ್ರೋಲಿನ ಒತ್ತಡ 2.5 ಪಿಎಸ್‌ಐ ಹತ್ತಿರ ಇರಬೇಕು. ಜಾಸ್ತಿಯಾದರೆ ತುಂಬಿ ಚೆಲ್ಲುತ್ತದೆ. ಇಲ್ಲಿನ ಪೆಟ್ರೋಲಿನಲ್ಲಿ 10% ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ಅದು ತಿಂದುಹಾಕುತ್ತದೆ, ಬೇಗ ಆವಿಯೂ ಆಗುತ್ತದೆ. ಪೆಟ್ರೋಲ್ ಪಂಪು ಇರುವುದು ಇಂಜಿನ್ ಮೇಲೆ ಹಿಂಭಾಗದಲ್ಲಿ, ಬಿಸಿ ಜಾಗದಲ್ಲಿ. ಸೆಖೆಯಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಕೆಮ್ಮುತ್ತದೆ. ಟ್ಯಾಂಕ್ ಹತ್ತಿರ ಒಂದು ಚಿಕ್ಕ ಎಲೆಕ್ಟ್ರಿಕ್ ಪಂಪ್ ಹಾಕಿದ್ದೇನೆ. ಹಳೇ ಕೈಗಳು ಮೂಗು ಮುರಿಯುತ್ತಾರೆ, ಮುರಿಯಲಿ.

ಬ್ರೇಕ್ ಬಗ್ಗೆ ಒಂದೇ ಮಾತು: ಮಾಡೆಲ್ ಎ ಜೊತೆ ಬಂದ ರಾಡ್ ಬ್ರೇಕಿನಲ್ಲಿ (ಕಬ್ಬಿಣದ ಸಲಾಕೆ ಎಳೆದು ಹಿಡಿಯುವ ಬ್ರೇಕ್) ವಿ8 ಓಡಿಸಬೇಡಿ. ಫೋರ್ಡ್ 1939ರಲ್ಲಿ ಹೈಡ್ರಾಲಿಕ್‌ಗೆ ಬಂತು. ಆ ಕಾಲದ್ದೇ ಡ್ರಮ್ ಹಾಕಿದರೂ ಸಾಕು.

ಓಡಿಸುವ ಖುಷಿ? ಕೆಳಗಿನ ಆರ್‌ಪಿಎಮ್‌ನಲ್ಲೇ ಎಳೆತ ಇದೆ. ಟಾಪ್ ಗೇರಿನಲ್ಲಿ ಮೆಲ್ಲಗೆ ಹೋಗುತ್ತಾ ಕಾಲೊತ್ತಿದರೆ ಮುಲಾಜಿಲ್ಲದೆ ಮುಂದೆ ಹೋಗುತ್ತದೆ. ಇಂಥ ಸದ್ದು ಬೇರೆ ಯಾವ ವಿ8ಗೂ ಇಲ್ಲ. ನಡುವಿನ ಎರಡು ಸಿಲಿಂಡರ್ ಒಂದೇ ಬಾಯಲ್ಲಿ ಉಸಿರು ಬಿಡುವುದಕ್ಕೆ ಆ ಸದ್ದಿನಲ್ಲಿ ಸ್ವಲ್ಪ ತೊದಲು ಇದೆ. ಬಿಸಿಗೆ ಕಾರಣವಾದ ದಾರಿಯೇ ಆ ಸದ್ದಿಗೂ ಕಾರಣ. ಸೊನೋಮಾ ಟ್ರ್ಯಾಕ್‌ನಲ್ಲಿ ಬುಧವಾರ ಸಂಜೆ ನಮ್ಮಂಥವರಿಗೂ ಡ್ರ್ಯಾಗ್ ಓಡಿಸಲು ಬಿಡುತ್ತಾರೆ. ಕಾಲು ಮೈಲಿ, ಅಂದರೆ 402 ಮೀಟರ್. ನನ್ನ ಗಾಡಿಗೆ 15 ಸೆಕೆಂಡ್ ಮೇಲೆಯೇ ಹಿಡಿಯುತ್ತದೆ. ಪಕ್ಕದ ಲೇನಿನ ಎಲೆಕ್ಟ್ರಿಕ್ ಸೆಡಾನ್, ಹಿಂದೆ ಮಕ್ಕಳ ಸೀಟ್ ಸಮೇತ, ಸದ್ದೇ ಇಲ್ಲದೆ ಮುಂದೆ ಹೋಯಿತು. ಗೆಲ್ಲಲೇಬೇಕು ಅನ್ನುವವರು ಸ್ಮಾಲ್ ಬ್ಲಾಕ್ ಹಾಕಿಕೊಳ್ಳಿ. ಪವರ್ ಜಾಸ್ತಿ, ಖರ್ಚು ಕಡಿಮೆ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ. ಇದರಲ್ಲಿ ವಾದವೇ ಇಲ್ಲ.

ಮೈಸೂರಿನ ಭಾವ ಕೇಳುತ್ತಿರುತ್ತಾರೆ, ಅಲ್ಲೂ ಒಂದು ಹೀಗೆ ಮಾಡಬಹುದಾ ಅಂತ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರುಗಳಿಗೆ ಹೊಗೆ ಪರೀಕ್ಷೆಯೇ ಇಲ್ಲ, ಹಾಗಾಗಿ ನಮ್ಮ ಆಟ ನಡೆಯುತ್ತದೆ. ಭಾರತದಲ್ಲಿ 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಣಿ ಆಗಬೇಕಾದರೆ ಗಾಡಿಗೆ 50 ವರ್ಷ ದಾಟಿರಬೇಕು. ಜೊತೆಗೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ನನ್ನಂಥ ಗಾಡಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ.

ಕೊಳ್ಳುವವರಿಗೆ: ಹೆಡ್ ಬಿಚ್ಚಿ ತೋರಿಸದೆ ಬ್ಲಾಕ್ ತಗೋಬೇಡಿ. ವಾಲ್ವ್ ಸೀಟಿನಿಂದ ಸಿಲಿಂಡರ್ ಕಡೆ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಕಣ್ಣಿಗೆ ಕಾಣದಿದ್ದರೂ ಮ್ಯಾಗ್ನಾಫ್ಲಕ್ಸ್ (ಅಯಸ್ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿ, ಪ್ರೆಶರ್ ಟೆಸ್ಟ್ ಮಾಡಿಸಿ, ಆಮೇಲೆ ದುಡ್ಡು ಕೊಡಿ. ಹೆಡ್ ಸ್ಟಡ್‌ಗಳು ನೀರಿನ ದಾರಿಯೊಳಗೇ ಇಳಿಯುತ್ತವೆ, ಕೂರಿಸುವಾಗ ಸೀಲರ್ ಹಚ್ಚುವುದನ್ನು ಬಿಡಬೇಡಿ. ಬಿರುಕಿಲ್ಲದ ಬ್ಲಾಕ್‌ಗಳು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿವೆ. ನಾನೂ ಸ್ಪೇರ್‌ಗೆ ಅಂತ ಒಂದು ಹುಡುಕುತ್ತಿದ್ದೇನೆ. 59ಎ ಸಿಕ್ಕರೆ ಒಳ್ಳೆಯದು, 1949ರಿಂದ ಬಂದ 8ಬಿಎ ಮಾದರಿಯಾದರೂ ನಡೆಯುತ್ತದೆ.